ಲಕ್ಕಿ ಕಲಸಿದ ಗೋಡೆ

ಲಕ್ಕಿ ಎಲೆಯ ವಾಸನೆ ಬಂದರೆ ಸಾಕು, ಶೇಖಮ್ಮ ಮತ್ತೆ ಪುಟ್ಟ ಹುಡುಗಿಯಾಗಿಬಿಡುತ್ತಿದ್ದಳು.

ಅಪ್ಪ ಮಲ್ಕಪ್ಪ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋದರೆ ಬರುವುದು ಎಷ್ಟೋ ತಿಂಗಳ ಮೇಲೆ. ಅವನು ಬಂದ ದಿನ ಅಜ್ಜಿ ಭೀಮವ್ವ ಅಟ್ಟದ ಮೇಲಿನ ಗಂಟು ಬಿಚ್ಚಿ, ಒಣಗಿದ ಲಕ್ಕಿ ಎಲೆಗಳ ನಡುವೆ ಮಡಿಚಿಟ್ಟ ಕಂಬಳಿ ತೆಗೆಯುತ್ತಿದ್ದಳು. ಕಹಿಯೋ ಖಾರವೋ ಹೇಳಲಾಗದ, ಕರ್ಪೂರಕ್ಕೆ ಹತ್ತಿರದ ಒಂದು ವಾಸನೆ... ಆ ಕಂಬಳಿಯಲ್ಲಿ ಅಪ್ಪನ ಮಗ್ಗುಲಿಗೆ ಮಲಗಿದರೆ ಹುಳವಿಲ್ಲ, ಸೊಳ್ಳೆಯಿಲ್ಲ, ಭಯವಿಲ್ಲ.

ತಾಯಿ ಇಲ್ಲದ ಮಗುವಿಗೆ ಅಷ್ಟು ಸಾಕಾಗಿತ್ತು.

ಈಗ ಆ ಲಕ್ಕಿಯೇ ಅವಳ ಹಿತ್ತಲಿನ ಬೇಲಿ. ಬೇಲಿಯೊಳಗೆ ಕಾಮಕಸ್ತೂರಿ, ಮರುಗ, ನಿಂಬೆಹುಲ್ಲು. ಬದನೆ ಸಾಲಿನ ಸುತ್ತ ಚೆಂಡು ಹೂವಿನ ಕಾವಲು. ಬಚ್ಚಲ ನೀರು ಹರಿಯುವಲ್ಲಿ ಬಜೆ. ಕಂಬಳಿಗೆ ನುಸಿ ಬಿದ್ದವರು, ಕುರಿಗೆ ಉಣ್ಣಿ ಹತ್ತಿದವರು, ಕಾಳಿಗೆ ಹುಳು ಹಿಡಿದವರು ಹೊನ್ನಿಹಾಳದ ಕುರುಬರ ಓಣಿಗೆ ಬಂದು, "ಶೇಖಮ್ಮ, ಒಂದು ಹಿಡಿ ಎಲಿ ಕೊಡವ್ವ" ಎಂದು ಕೇಳುತ್ತಿದ್ದರು. ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಅಂಥ ಮನೆಯ ಬಾಗಿಲಿಗೆ ಅಂದು ಬೇರೆಯದೇ ವಾಸನೆ ಬಂದು ನಿಂತಿತ್ತು. ಸೀಮೆಎಣ್ಣೆಯೂ ಅಲ್ಲ, ಸುಣ್ಣವೂ ಅಲ್ಲ...

ಶೇಖಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಬಂದಳು.

ಖಾಕಿ ಅಂಗಿ ತೊಟ್ಟ ಒಬ್ಬ ತರುಣ ಕಟ್ಟೆಯ ಕೆಳಗೆ ನಿಂತಿದ್ದ. ಅವನ ಹಿಂದೆ ಪಂಪು, ಬಕೀಟು ಹೊತ್ತ ಇಬ್ಬರು ಕೂಲಿಗಳು.

"ಸೊಳ್ಳಿ ಇಲಾಖೆಯಿಂದ ಬಂದೀವ್ರಿ. ನಾ ಪರಮಣ್ಣ, ಸುರಪುರದವ. ಗ್ವಾಡಿಗಿ ಡಿ.ಡಿ.ಟಿ. ಹೊಡೀಬೇಕು. ಒಳಗಿನ ಸಾಮಾನ ಹೊರಗ ಇಡ್ರಿ."

"ನಮ್ಮ ಮನಿಗಿ ಬ್ಯಾಡ್ರಿ."

"ಎಲ್ಲಾರ ಮನಿಗೂ ಹೊಡಿಯಾಕತ್ತೀವಿ. ಹುಕುಂ ಅದ."

"ಹುಕುಂ ಕಿಸೆದಾಗ ಇಟ್ಕೋರಿ. ಒಳಗ ಕಂಬಳಿ ಅವ. ಈ ನಾತ ಹತ್ತಿತಂದ್ರ ಕೊಳ್ಳಾಕ ಬಂದವ್ರು ಓಣಿ ತುದಿಯಿಂದನ ಓಡ್ತಾರ."

ಕೂಲಿಯವನೊಬ್ಬ ನಕ್ಕ. ಪರಮಣ್ಣ ನಗಲಿಲ್ಲ. ಸಿಟ್ಟಿಗೂ ಏಳಲಿಲ್ಲ. ಕಾಲಿನ ಬೂಟು ಕಳಚಿ ಕಟ್ಟೆಯ ಪಕ್ಕಕ್ಕಿಟ್ಟ.

"ಕಂಬಳಿ ಎಲ್ಲಿ ಇಡಬೇಕಂತ ತೋರಸ್ರಿ. ನಾನ ಹೊರ್ತೀನಿ."

ಜಗಳಕ್ಕೆ ಸಿದ್ಧವಾಗಿ ನಿಂತವಳ ಮುಂದೆ ಒಬ್ಬ ಸರಕಾರಿ ಮನುಷ್ಯ ಬರಿಗಾಲಲ್ಲಿ ನಿಂತಿದ್ದ...

ಒಂದೊಂದೇ ಕಂಬಳಿ ಹೊರಗೆ ಬಂತು. ಅವನು ಅವುಗಳನ್ನು ನೆಲಕ್ಕೆ ತಾಗಿಸಲಿಲ್ಲ. ನಡುವಿನಿಂದ ಒಣ ಎಲೆ ಉದುರಿದರೆ ಬಗ್ಗಿ ಆರಿಸಿ ಮತ್ತೆ ಮಡಿಕೆಯೊಳಗೆ ಇಟ್ಟ.

ಕೆಲಸ ಶುರುವಾಗುವ ಮೊದಲು ಹಿತ್ತಲಿಗೆ ಹೋಗಿ, ಗಿಡಗಳನ್ನು ನೋಡಿ ನಿಂತ.

"ಇದರ ಮ್ಯಾಲೂ ಹೊಡೀತೀರೇನು?" ಶೇಖಮ್ಮ ಗಿಡಗಳಿಗೆ ಅಡ್ಡ ನಿಂತು ಕೇಳಿದಳು.

"ಇಲ್ರಿ. ಹನಿ ಹಾರ್ಯಾವು ಅಂತ ನೋಡಾಕತ್ತಿದ್ದೆ. ಹಳೆ ಗೋಣಿಚೀಲ ಇದ್ರ ಕೊಡ್ರಿ."

ಚೀಲಗಳನ್ನು ನೀರಲ್ಲಿ ಅದ್ದಿ, ಹಿಂಡಿ, ಗೋಡೆಗೆ ಹತ್ತಿರವಿದ್ದ ಮರುಗದ ಮೇಲೆ, ಕಾಮಕಸ್ತೂರಿಯ ಮೇಲೆ ಹೊದಿಸಿದ. ಕೂಸಿಗೆ ಹೊದಿಸಿದ ಹಾಗೆ, ಮೆಲ್ಲಗೆ.

ಕಟ್ಟೆಯ ಮೇಲೆ ಕುಳಿತು ಇದೆಲ್ಲ ನೋಡುತ್ತಿದ್ದ ಭೀಮವ್ವ, "ಎಲೇ ಹುಡುಗಾ, ನಿನ್ನ ಇಲಾಖೆದಾಗ ಗಿಡಕ್ಕ ಜೋಗುಳ ಹಾಡೋದೂ ಕಲಸ್ತಾರೇನು?" ಎಂದಳು.

ಆಗ ಅವನು ನಕ್ಕ.

ಆ ನಗೆಯನ್ನು ಶೇಖಮ್ಮ ನೋಡಬಾರದಿತ್ತು... ನೋಡಿಬಿಟ್ಟಳು.

ಸಂಜೆಯ ಹೊತ್ತಿಗೆ ಓಣಿಯ ಗೋಡೆಗಳೆಲ್ಲ ಒದ್ದೆಯಾಗಿ, ಒಣಗಿ, ಬೂದಿ ಸವರಿದಂತೆ ಬೆಳ್ಳಗಾದವು. ಪರಮಣ್ಣ ಪ್ರತಿ ಬಾಗಿಲ ಪಕ್ಕದಲ್ಲಿ ಕೆಮ್ಮಣ್ಣಿನ ನೀರಿನಿಂದ ತಾರೀಕು ಬರೆದ. ಶೇಖಮ್ಮನ ಬಾಗಿಲಿಗೆ ಬಂದಾಗ ಅವನ ಕೈ ನಿಧಾನವಾಯಿತು.

"ನಾ ಓದಿದ್ದೆಲ್ಲ ಉರ್ದುದಾಗ್ರಿ. ನಮ್ಮ ಸೀಮಿ ಕನ್ನಡ ರಾಜ್ಯಕ್ಕ ಕೂಡ್ತದಂತ. ಅದಕ್ಕ ಈಗ ಕನ್ನಡ ಬರಿಯಾದು ಕಲಿಯಾಕತ್ತೀನಿ. ಚೆಂದ ಬಂದದೇನು?"

"ನಂಗ ಓದಾಕ ಬರಂಗಿಲ್ಲ. ಆದ್ರ... ರಂಗೋಲಿ ಹಂಗ ಅದ."

ಹೊರಡುವಾಗ ಅವನು ಓಣಿಯ ಹೆಂಗಸರನ್ನೆಲ್ಲ ಕರೆದು ಹೇಳಿದ. "ಬ್ಯಾಸಿಗಿ ಬರೋತನಕ ಗ್ವಾಡಿ ಬಳೀಬ್ಯಾಡ್ರಿ. ಸಗಣಿ, ಮಣ್ಣು ಯಾವುದೂ ಬ್ಯಾಡ. ಸೊಳ್ಳಿ ಬಂದು ಗ್ವಾಡಿ ಮ್ಯಾಲ ಕುಂತ್ರನ ಸಾಯ್ತದ. ಔಷಧ ಮುಚ್ಚಿದ್ರ ಹೊಡದದ್ದೆಲ್ಲ ದಂಡ."

"ದೀಪಾವಳಿಗೆ?" ಪಕ್ಕದ ಮನೆಯ ಸಾಯಬಮ್ಮ ಕೇಳಿದಳು.

"ದೀಪಾವಳಿಗೂ ಬ್ಯಾಡ್ರಿ, ಯವ್ವಾ."

ಹೆಂಗಸರೆಲ್ಲ ಗೊಣಗಿದರು. ಪರಮಣ್ಣ ತಗ್ಗಿದ ದನಿಯಲ್ಲಿ ಹೇಳಿದ.

"ನಮ್ಮವ್ವ ಚಳಿಜ್ವರದಾಗ ಹೋದಳು. ಅವತ್ತು ನಮ್ಮ ಮನಿಗಿ ಯಾರೂ ಬಂದಿರಲಿಲ್ಲ. ಅದಕ್ಕ ನಾ ಬರ್ತೀನಿ."



* * *

ಅಂದಿನಿಂದ ವಾರಕ್ಕೊಮ್ಮೆ ಅವನು ಬರತೊಡಗಿದ. ಗೋಡೆ ನೋಡುವುದು, ಜ್ವರ ಬಂದವರು ಇದ್ದಾರೆಯೇ ಎಂದು ಕೇಳುವುದು ಅವನ ಕೆಲಸ. ಆದರೆ ಎಲ್ಲ ಮನೆ ಮುಗಿದ ಮೇಲೆ ಕೊನೆಗೆ ನಿಲ್ಲುತ್ತಿದ್ದುದು ಲಕ್ಕಿಯ ಬೇಲಿಯ ಹತ್ತಿರ.

"ಇದೇನ್ರಿ?"

"ನಿಂಬೆಹುಲ್ಲು. ಕೈಯಾಗ ತಿಕ್ಕಿ ನೋಡ್ರಿ."

"ಇದು?"

"ಸೀತಾಫಲದ ಎಲಿ. ಅರೆದು ಹಚ್ಚಿದ್ರ ಕುರಿ ಉಣ್ಣಿ ಬಿಡ್ತಾವ. ಹಚ್ಚಿದ ಕೈಲೆ ಕಣ್ಣು ಮಾತ್ರ ಮುಟ್ಟಬಾರ್ದು."

ಸಂಜೆ ಅವಳು ಒಣ ಲಕ್ಕಿ, ಬೇವು ಸೇರಿಸಿ ಹೊಗೆ ಹಾಕುತ್ತಿದ್ದಳು. ಒಂದು ದಿನ ಅವನು ಆ ಹೊಗೆಯನ್ನೇ ನೋಡುತ್ತ ಕೇಳಿದ.

"ನಿಮ್ಮ ಹೊಗಿಗಿ ಹೆದರಿದ ಸೊಳ್ಳಿ ಎಲ್ಲಿಗಿ ಹೋಗ್ತಾವ್ರಿ?"

"ಎಲ್ಲಿಗ್ಯಾರ ಹೋಗ್ಲಿ ಬಿಡ್ರಿ."

"ಸಾಯಬಮ್ಮನ ಮನಿಗಿ ಹೋಗ್ತಾವ."

ಶೇಖಮ್ಮ ಇದನ್ನು ಯೋಚಿಸಿರಲಿಲ್ಲ. ತನ್ನ ಮನೆಯಿಂದ ಓಡಿಸಿದ್ದು ಇನ್ನೊಬ್ಬರ ಮನೆಗೆ ಹೋಗುತ್ತದೆ... ಅವಳ ಮುಖ ಬಾಡಿತು.

ಅವನಿಗೆ ಅಯ್ಯೋ ಅನಿಸಿತು. "ಹಂಗಲ್ರಿ. ನಿಮ್ಮದು ಓಡಸ್ತದ, ನಮ್ಮದು ಕೊಲ್ತದ. ಹೊರಗ ಗಿಡ ಇರಲಿ, ಒಳಗ ಔಷಧ ಇರಲಿ. ಎರಡೂ ಬೇಕು."

ಮರುದಿನವೇ ಅವಳು ಸಾಯಬಮ್ಮನ ಬಾಗಿಲಿಗೆ ಲಕ್ಕಿಯ ಕೊಂಬೆ, ಕಾಮಕಸ್ತೂರಿಯ ಸಸಿ ನೆಟ್ಟು ಬಂದಳು. ಆಮೇಲೆ ಇಡೀ ಓಣಿಗೆ. ವಾರ ಬಿಟ್ಟು ಬಂದವನು ಪ್ರತಿ ಬಾಗಿಲಲ್ಲೂ ಹಸಿರು ನೋಡಿ, ಒಂದೊಂದು ಸಸಿಗೂ ಬೊಗಸೆ ನೀರು ಹಾಕಿ ಹೋದ.

'ಇಂಥವ ಮನಿಯಾಗ ಇದ್ರ...' ಎಂದುಕೊಂಡ ಶೇಖಮ್ಮ ತನ್ನ ಯೋಚನೆಗೆ ತಾನೇ ನಾಚಿದಳು.

ದೀಪಾವಳಿ ಬಂತು. ಓಣಿಯಲ್ಲಿ ಗದ್ದಲ. ಹಬ್ಬಕ್ಕೆ ಗೋಡೆ ಬಳಿಯದೆ ಇರುವುದೆಂದರೇನು?

"ಅಂವ ಬ್ಯಾಡ ಅಂದಾನ," ಎಂದಳು ಶೇಖಮ್ಮ. ಮನೆ ಮನೆಗೂ ಹೋಗಿ ಹೇಳಿದಳು. "ನಾ ಬಳಿಯಂಗಿಲ್ಲ. ನೀವೂ ಬಳೀಬ್ಯಾಡ್ರಿ."

"ಅಂವ ಅಂದಾನ, ಅಂವ ಅಂದಾನ..." ಸಾಯಬಮ್ಮ ಅಣಕಿಸಿದಳು. "ಅಂವ ನಾಳಿ ಬಾವಿಗಿ ಬೀಳು ಅಂದ್ರ ಬೀಳ್ತೀಯೇನು?"

"ಈಜು ಬರ್ತದೇಳು ನಂಗ."

ಎಲ್ಲರೂ ನಕ್ಕರು. ಯಾರೂ ಬಳಿಯಲಿಲ್ಲ. ಆ ವರ್ಷ ಹೊನ್ನಿಹಾಳದ ಕುರುಬರ ಓಣಿಯಲ್ಲಿ ದೀಪಗಳು ಕಲೆಬಿದ್ದ ಬೂದಿಬಣ್ಣದ ಗೋಡೆಗಳ ಮುಂದೆ ಉರಿದವು.

* * *

ಹಬ್ಬ ಮುಗಿದ ಕೆಲವೇ ದಿನಗಳಲ್ಲಿ ಕಂಬಳಿ ವ್ಯಾಪಾರಿ ಬಾಷುಮಿಯಾ ಸೈಕಲ್ಲು ತುಳಿಯುತ್ತ ಬಂದ. ಬಿಳಿ ಗಡ್ಡ, ಬಾಯಿ ತುಂಬ ಎಲೆ.

"ಭೀಮವ್ವಾ, ಇವತ್ತು ಕಂಬಳಿ ಕೇಳಾಕ ಬಂದಿಲ್ಲ. ಹುಡುಗಿ ಕೇಳಾಕ ಬಂದೀನಿ."

"ಈ ವಯಸ್ಸಿನಾಗ?"

"ಅಲ್ಲಾ, ನಂಗಲ್ಲಬೇ! ನಮ್ಮ ಪರಮಣ್ಣಗ." ಅವನು ನಗು ತಡೆದುಕೊಂಡು ಹೇಳಿದ. "ನನ್ನ ಮುಂದ ಕುಂತು, 'ಚಾಚಾ, ಮೊದಲ ಅವಳ ಮನಸ್ಸು ಕೇಳಿ ಬಾ' ಅಂದಾನ. ಈಗ ಅಂವ ಹುಣಸಗಿ ಕಡಿ ಹಳ್ಳಿಗೊಳಿಗಿ ಹೋಗ್ಯಾನ. ತಿಂಥಣಿ ಹತ್ರ ಮಲ್ಕಪ್ಪ ಸಿಕ್ಕಿದ್ದ. ನನ್ನ ಮಗಳು ಹೂಂ ಅಂದ್ರ ನಂದೂ ಹೂಂ ಅಂದ."

ಒಳಗೆ, ಬಾಗಿಲ ಹಿಂದೆ, ಶೇಖಮ್ಮ ಕಿವಿಗೊಟ್ಟು ನಿಂತಿದ್ದಳು.

"ಏನಂತೀಯೇ?" ಅಜ್ಜಿ ಕೂಗಿದಳು.

ಒಳಗಿನಿಂದ ಒಂದು ತಂಬಿಗೆ ಮಜ್ಜಿಗೆ ಬಂತು. ಅದರ ಮೇಲೆ ಎರಡು ಎಲೆ ಕಾಮಕಸ್ತೂರಿ ತೇಲುತ್ತಿತ್ತು.

ಬಾಷುಮಿಯಾ ಕುಡಿದು ಗಡ್ಡ ಒರೆಸಿಕೊಂಡ. "ಇದು ಹೂಂ ಅಂದಂಗ. ಸುರಪುರಕ್ಕ ಹೋಗಿ ಅವರಕ್ಕ ರೇಣಮ್ಮಗ ಹೇಳ್ತೀನಿ. ಬರೋ ಸೋಮವಾರ ಹಿರ್ಯಾರು ಬರ್ತಾರ."

ಅವನು ಹೋದ ಮೇಲೆ ಭೀಮವ್ವ ಗೋಡೆ ನೋಡಿದಳು.

"ಇವತ್ತ ಕೆಮ್ಮಣ್ಣು ತರ್ಬೇಕು."

"ಯವ್ವಾ... ಗ್ವಾಡಿ ಬಳೀಬ್ಯಾಡ ಅಂದಾರಲ್ಲ."

"ಬೀಗರು ಬರೋ ಮನಿ ಗ್ವಾಡಿ ಬಳೀಲಿಲ್ಲಂದ್ರ ಏನರ್ಥ, ಗೊತ್ತಿಲ್ಲೇನು? 'ನೀವು ನಮಗ ಬ್ಯಾಡ, ಬಂದ ದಾರಿಲೆ ಹೋಗ್ರಿ' ಅಂತ. ನನ್ನ ನೋಡಾಕ ಬಂದಾಗ ನಮ್ಮವ್ವ ಬಳಿದಿದ್ದಳು. ನಿಮ್ಮವ್ವನ ತಂದಾಗ ಅವರವ್ವ ಬಳಿದಿದ್ದಳು. ಆ ರೇಣಮ್ಮ ಬಂದು ಈ ಕಲಿ ಬಿದ್ದ ಗ್ವಾಡಿ ನೋಡಿದ್ರ ಹೊಸ್ತಿಲ ದಾಟ್ಯಾಳೇನು?"

ಶೇಖಮ್ಮ ಕುಳಿತು ಯೋಚಿಸಿದಳು. ಅವನ ಮಾತು ಒಂದು ಕಡೆ, ಅವನ ಮನೆಯವರ ಮರ್ಯಾದೆ ಇನ್ನೊಂದು ಕಡೆ.

'ಲಕ್ಕಿ ಅರೆದು ಹಾಕಿದ್ರ?'

ಆ ಯೋಚನೆ ಬಂದ ಕೂಡಲೆ ಅವಳ ಮುಖ ಅರಳಿತು. ಲಕ್ಕಿ, ಬೇವು, ಬಜೆಯ ಬೇರು, ಎಲ್ಲ ಅರೆದು ಕೆಮ್ಮಣ್ಣು, ಸಗಣಿಗೆ ಕಲಸಿದರೆ ಸೊಳ್ಳೆ ಗೋಡೆಯ ಹತ್ತಿರವೇ ಬರುವುದಿಲ್ಲ. ಬರದಿದ್ದ ಮೇಲೆ ಸಾಯುವ ಮಾತೆಲ್ಲಿ? ಔಷಧ ಒಳಗೆ ಇದ್ದೇ ಇರುತ್ತದೆ, ಅದರ ಮೇಲೆ ತನ್ನದೂ ಇರಲಿ. ಎರಡೂ ಬೇಕು ಎಂದು ಅವನೇ ಹೇಳಿಲ್ಲವೇ?

ಪ್ರೀತಿ ಬಂದಾಗ ಮನುಷ್ಯರು ತಮಗೆ ಬೇಕಾದ ಉತ್ತರವನ್ನು ಎಷ್ಟು ಬೇಗ ಕಂಡುಕೊಳ್ಳುತ್ತಾರೆ!

ಅವಳು ಒರಳಿನಲ್ಲಿ ಎಲೆ ಅರೆದಳು, ಅಂಗೈ ಹಸಿರಾಗುವ ತನಕ. ಗೋಡೆಯನ್ನೆಲ್ಲ ಬಳಿದಳು. ಬಾಗಿಲ ಪಕ್ಕದ ಬರಹದ ಹತ್ತಿರ ಮಾತ್ರ ಕೈ ತಡೆಯಿತು. ಅಷ್ಟು ಜಾಗ ಬಿಟ್ಟರೆ ನೋಡಿದವರು ನಕ್ಕಾರು. ಕಣ್ಣು ಮುಚ್ಚಿ ಅದರ ಮೇಲೂ ಕೈಯಾಡಿಸಿದಳು. 'ಬಂದ ಮ್ಯಾಲ ಮತ್ತ ಬರಿಸ್ಕೊಂಡ್ರಾತು...'

ಸಾಯಬಮ್ಮ ಇಣುಕಿದಳು. "ಅಯ್ಯ, ನೀನ ಬಳಿದಿ?"

"ಬೀಗರು ಬರ್ತಾರ."

"ಹಂಗಾದ್ರ ಅವ್ರು ಬರೋ ಓಣಿ ನಾವು ಹಂಗ ಬಿಡ್ತೀವೇನು? ನಿನ್ನ ಮದುವಿ ಅಂದ್ರ ನಮ್ಮೆಲ್ಲರ ಮದುವಿ. ಆ ಕಲಸಿದ್ದು ಇತ್ಲಾಗ ಒಂದು ಬುಟ್ಟಿ ಕೊಡು."

ಎರಡು ದಿನದಲ್ಲಿ ಇಡೀ ಓಣಿ ಕೆಂಪಗೆ, ನುಣ್ಣಗೆ, ಲಕ್ಕಿಯ ಘಮದಲ್ಲಿ ಸಿಂಗಾರಗೊಂಡಿತು.

* * *

ಭಾನುವಾರ ಬೆಳಿಗ್ಗೆ ಓಣಿಯ ತುದಿಯಲ್ಲಿ ಒಂದು ಜೀಪು ಬಂದು ನಿಂತಿತು. ಇನ್‌ಸ್ಪೆಕ್ಟರ್ ಸಾಹೇಬರು ಇಳಿದರು. ಅವರ ಹಿಂದೆ, ಹುಣಸಗಿ ಕಡೆಯ ಧೂಳಿನ್ನೂ ಮೈಮೇಲಿದ್ದ ಪರಮಣ್ಣ. ದಾರಿಯಲ್ಲೇ ಸಿಕ್ಕವನನ್ನು ಸಾಹೇಬರು ತಪಾಸಣೆಗೆ ಕರೆತಂದಿದ್ದರು. ಬಾಷುಮಿಯಾ ತಂದ ಉತ್ತರ ಅವನಿಗಿನ್ನೂ ಮುಟ್ಟಿರಲಿಲ್ಲ.

ಶೇಖಮ್ಮನಿಗೆ ಅದು ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ, ತುಟಿಯಂಚಿನಲ್ಲಿ ನಕ್ಕಳು.

ಪರಮಣ್ಣ ಅವಳನ್ನು ನೋಡಲಿಲ್ಲ. ಗೋಡೆ ನೋಡಿದ. ತಾನು ಬರೆದ ಜಾಗ ನೋಡಿದ. ಅಲ್ಲಿ ಏನೂ ಇರಲಿಲ್ಲ.



ಸಾಹೇಬರು ಸಾಯಬಮ್ಮನ ಮನೆಯೊಳಗೆ ಟಾರ್ಚು ಹಿಡಿದು ಗೋಡೆ ನೋಡುತ್ತಿದ್ದರು. "ಪರಮಣ್ಣ, ಇಲ್ಲಿ ಬಾ. ಇದು ಏನು?"

ತೊಲೆಯ ಕೆಳಗೆ, ಹೊಸ ಕೆಮ್ಮಣ್ಣಿನ ಮೇಲೆ, ಸೊಳ್ಳೆಗಳು ಸಾಲಾಗಿ ಆರಾಮವಾಗಿ ಕುಳಿತಿದ್ದವು. ಮೊದಲ ದಿನದ ಖಾರ ಇಳಿದ ಲಕ್ಕಿಗೆ ಅವು ಹೆದರಿರಲಿಲ್ಲ.

"ಈ ಓಣಿ ಪೂರಾ ಹೊಡೆದೆ ಅಂತ ಹೇಳಿದಿ. ಒಂದು ಗ್ವಾಡಿ ಮೇಲೂ ಪೌಡರ್ ಇಲ್ಲ, ತಾರೀಕು ಇಲ್ಲ. ಆ ಪೌಡರ್ ಎಲ್ಲಿ ಹೋಯ್ತು?"

"ಹೊಡದೀನ್ರಿ, ಸಾಬ್."

"ಹಾಂಗಿದ್ರೆ ಎಲ್ಲಿ ಅದ? ಯಾದಗಿರಿಗೆ ಬಾ. ದೊಡ್ಡ ಸಾಹೇಬರ ಮುಂದ ಹೇಳು. ಈ ನೌಕರಿ ಇನ್ನ ಇಲ್ಲ ಅಂತ ತಿಳಕೋ."

'ಇವ್ರು ಬಳಿದಾರ, ಒಳಗ ಔಷಧ ಅದ' ಎಂದು ಅವನು ಹೇಳಬಹುದಿತ್ತು. ಹೇಳಿದರೆ ಸಾಹೇಬರು ಓಣಿಯ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದರು. ಮೊದಲು ನಿಲ್ಲುವವಳು ಶೇಖಮ್ಮ. ಅವನು ಬಾಯಿ ಬಿಡಲಿಲ್ಲ.

ಜೀಪು ಹತ್ತುವ ಮೊದಲು ಅವಳ ಬಾಗಿಲ ಮುಂದೆ ಒಂದು ಗಳಿಗೆ ನಿಂತ.

"ಮನಸ್ಸಿಲ್ಲ ಅಂದಿದ್ರ ಚಾಚಾನ ಮುಂದ ಬಾಯಿಲೆ ಹೇಳಬಹುದಿತ್ತು. ನಾ ಬರ್ದದ್ದು ಅಳಿಸಿ ಹೇಳಬೇಕಿತ್ತೇನ್ರಿ?"

ಶೇಖಮ್ಮ ತಲೆಯೆತ್ತಿದಳು. ಏನು ಹೇಳುತ್ತಿದ್ದಾನೆ ಇವನು? ಕೇಳಲು ಹೊಸ್ತಿಲು ದಾಟುವಷ್ಟರಲ್ಲಿ ಅವನು ಜೀಪು ಹತ್ತಿದ್ದ.

ಜೀಪು ಹೊರಟುಹೋಯಿತು. ಧೂಳು ಅವಳ ಹೊಸ ಗೋಡೆಯ ಮೇಲೆ ಕುಳಿತಿತು.

* * *

ಸೋಮವಾರ ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಷುಮಿಯಾ ಒಬ್ಬನೇ ಬಂದ.

"ಅಂವ ಅಕ್ಕಗ ಹೋಗಬ್ಯಾಡ ಅಂದಾನ. ನಾ ಖರೇ ಸುದ್ದಿ ಹೇಳೂದ್ರೊಳಗ ಯಾದಗಿರಿಗಿ ಹೋಗ್ಯಾನ. 'ಒಂದು ಮಾತು ಕೇಳಿದ್ದೆ, ಗ್ವಾಡಿ ಬಳೀಬ್ಯಾಡ ಅಂತ. ದೀಪಾವಳಿಗೂ ಬಳಿಲಾರದವಳು ಈಗ ಬಳಿದಾಳ ಅಂದ್ರ ನಾ ಬ್ಯಾಡಂತ' ಅಂತ ಅಕ್ಕನ ಮುಂದ ಅತ್ತಾನಂತ."

ಶೇಖಮ್ಮ ಗೋಡೆಗೆ ಒರಗಿ ನಿಂತಳು.

ಬಳಿಯದಿದ್ದರೆ 'ಬೇಡ' ಎಂದರ್ಥ ಎಂದು ಅಜ್ಜಿ ಹೇಳಿದ್ದಳು. ಬಳಿದದ್ದೇ 'ಬೇಡ' ಎಂದರ್ಥ ಎಂದು ಅವನು ತಿಳಿದಿದ್ದ.

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು.

'ನಾ ಹೂಂ ಅಂದದ್ದು ಅವಗ ಒಲ್ಲೆ ಅಂತ ಕೇಳ್ಯದ... ಅವನ ನೌಕರಿನೂ ನನ್ನ ಕೈಲೇ ಹೋತು.'

"ಅಳಾದು ಆಮ್ಯಾಲ," ಎಂದಳು ಭೀಮವ್ವ. ಅವಳ ಕಣ್ಣೂ ಒದ್ದೆಯಾಗಿತ್ತು. "ತಪ್ಪು ನಂದೂ ಅದ. ಏನ್ ಮಾಡೋಣ ಹೇಳು."

ಶೇಖಮ್ಮ ಕಣ್ಣೊರೆಸಿಕೊಂಡಳು. ಹಿತ್ತಲಿಗೆ ಹೋಗಿ ಕಳೆ ತೆಗೆಯುವ ಕುರ್ಪಿ ತಂದು, ಗೋಡೆಯ ಅಂಚಿಗೆ ಕೊಟ್ಟು ಮೆಲ್ಲಗೆ ಎಬ್ಬಿದಳು. ಒಣಗಿದ ಮಣ್ಣು ಹಪ್ಪಳದಂತೆ ಎದ್ದು ಬಂತು. ತಿರುಗಿಸಿ ನೋಡಿದಳು.

ಹಿಂಬದಿಗೆ ಬಿಳಿ ಪುಡಿ ಅಂಟಿಕೊಂಡಿತ್ತು. ಗೋಡೆಯ ಮೇಲೂ ಬೂದಿ ಸವರಿದ ಹಾಗೆ ಬೆಳ್ಳಗೆ ಹಾಗೇ ಇತ್ತು.

"ಯವ್ವಾ," ಎಂದಳು, "ಶಹಾಪುರದ ಬಸ್ಸು ಎಷ್ಟೊತ್ತಿಗದ?"

ಆ ಮಣ್ಣಿನ ತುಂಡುಗಳನ್ನು ಮೊರದಲ್ಲಿ ಹರಡಿ, ಮೇಲೆ ಬಟ್ಟೆ ಮುಚ್ಚಿ, ಮೊಮ್ಮಗಳು ಅಜ್ಜಿ ಇಬ್ಬರೂ ಬಸ್ಸು ಹತ್ತಿದರು. ಕುಲುಕಿದಾಗಲೆಲ್ಲ ಶೇಖಮ್ಮ ಮೊರವನ್ನು ಎದೆಗೆ ಹಿಡಿದುಕೊಂಡಳು. ಕಂಡಕ್ಟರು ನೋಡಿ, "ಏನವ್ವ, ಮೊಟ್ಟಿ ಏನು?" ಎಂದ. ಉತ್ತರಕ್ಕೆ ಕಾಯದೆ ಮುಂದಿನ, ಕುಲುಕು ಕಡಿಮೆಯಿರುವ ಸೀಟು ಬಿಡಿಸಿ ಕೊಟ್ಟ.

ಶಹಾಪುರದ ಆಫೀಸಿನಲ್ಲಿ ಸಾಹೇಬರು ಮನೆಗೆ ಹೊರಡಲು ಏಳುತ್ತಿದ್ದರು. ಮುದುಕಿಯನ್ನು ನೋಡಿ ತಮ್ಮ ಕುರ್ಚಿಯನ್ನೇ ಸರಿಸಿ ಕೊಟ್ಟರು. ನಿನ್ನೆ ಓಣಿಯಲ್ಲಿ ಗುಡುಗಿದವರು ಇವರೇನಾ ಅನಿಸಿತು ಶೇಖಮ್ಮನಿಗೆ.

ಮೊರವನ್ನು ಮೇಜಿನ ಮೇಲಿಟ್ಟಳು. ಮುಚ್ಚಿದ ಬಟ್ಟೆ ಸರಿಸಿದಳು.

"ಸಾಬ್, ಇದು ನಮ್ಮ ಗ್ವಾಡಿ. ಹಿಂದ ಬೆಳ್ಳಗದ ನೋಡ್ರಿ, ಅದು ನಿಮ್ಮ ಔಷಧ. ಅವ್ರು ಹೊಡದಾರ. ನಾ ಮುಚ್ಚೀನಿ. ಅವ್ರು ಬ್ಯಾಡ ಅಂದಿದ್ರು, ನಾ ಕೇಳಲಿಲ್ಲ. ಲಕ್ಕಿ ಕಲಸಿದ್ರ ಸಾಕು ಅನ್ಕೊಂಡೆ. ನನ್ನ ನೋಡಿ ಓಣಿಯವ್ರೂ ಬಳಿದ್ರು."

ಸಾಹೇಬರು ಒಂದು ತುಂಡು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಉಗುರಿನಿಂದ ಕೆರೆದರು. ಮೂಸಿದರು.

"ಒಂದೇ ಗ್ವಾಡಿ ಇದು."

"ಓಣಿಗಿ ಬರ್ರಿ. ನೀವು ಕೈ ಮಾಡಿ ತೋರಿಸಿದ ಗ್ವಾಡಿ ಕೆರೀತೀನಿ. ಬೆಳ್ಳಗ ಕಾಣಲಿಲ್ಲಂದ್ರ ನನಗ ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ."

"ಬಳಿಬಾರದು ಅಂತ ಗೊತ್ತಿದ್ದೂ ಯಾಕೆ ಬಳಿದಿ?"

ಶೇಖಮ್ಮ ನೆಲ ನೋಡಿದಳು. ಉತ್ತರ ಕೊಟ್ಟವಳು ಭೀಮವ್ವ.

"ಅವನ ಮನಿಯವ್ರು ಹೆಣ್ಣು ನೋಡಾಕ ಬರೋರಿದ್ರು, ಯಪ್ಪಾ. ಬೀಗರಿಗಿ ಮರ್ಯಾದಿ ಮಾಡಿದ್ವಿ. ಅಂವ ನಿನ್ನ ಮುಂದ ಬಾಯಿ ಬಿಡಲಿಲ್ಲ, ನಮಗ ಬೈತೀಯಂತ."

ಸಾಹೇಬರು ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ಮೊರಕ್ಕಿಟ್ಟರು. ಆಮೇಲೆ ಟೋಪಿ ತಲೆಗಿಟ್ಟುಕೊಂಡರು.

"ತಪ್ಪು ಮುಚ್ಚಾಕ ನನ್ನ ಕಡೆ ಬಹಳ ಮಂದಿ ಬರ್ತಾರ. ತಪ್ಪು ತೋರಿಸಾಕ ನೀವೇ ಮೊದಲು ಬಂದಿದ್ದು. ನಾಳೆ ಬರ್ತೀನಿ. ಪರಮಣ್ಣನೂ ಬರ್ತಾನ. ನಿಮ್ಮ ಕುರ್ಪಿ ಚೂಪು ಇರಲಿ."

* * *

ಮರುದಿನ ಸಾಹೇಬರು ಕೈ ಮಾಡಿದ ಗೋಡೆಯೆಲ್ಲ ಬೆಳ್ಳಗೇ ಕಂಡಿತು. ಸಾಯಬಮ್ಮನ ಮನೆ, ಅದರಾಚೆಯ ಮನೆ, ತುದಿಯ ಮನೆ... ನಾಲ್ಕನೆಯದಕ್ಕೆ ಸಾಹೇಬರೇ "ಸಾಕು" ಎಂದರು.

"ಪರಮಣ್ಣ, ಯಾದಗಿರಿಗೆ ನಾನೇ ಹೇಳ್ತೀನಿ. ನಿನ್ನ ಮೇಲೆ ಏನೂ ಇಲ್ಲ. ಪೂರಾ ಓಣಿ ಕೆರೆದು ಮತ್ತೆ ಹೊಡಿ." ಜೀಪು ಹತ್ತುತ್ತ ತಿರುಗಿ, "ಮತ್ತೆ ಬೀಗರು ಬಂದರೆ ಅಂಗಳ ಬಳೀರಿ, ಗ್ವಾಡಿ ಬಿಡ್ರಿ," ಎಂದರು.

ಓಣಿಯೇ ನಿಟ್ಟುಸಿರು ಬಿಟ್ಟಿತು. ಹೆಂಗಸರು ಒಲೆ, ಪಾತ್ರೆ, ಕಂಬಳಿ, ಕೌದಿಗಳನ್ನು ಅಂಗಳಕ್ಕೆ ಹಾಕಿ, ಕುರ್ಪಿ ಹಿಡಿದು, ತಾವು ಬಳಿದದ್ದನ್ನು ತಾವೇ ಕೆರೆಯತೊಡಗಿದರು. ಸಾಯಬಮ್ಮನ ಬಾಯಿ ಮಾತ್ರ ನಿಲ್ಲಲಿಲ್ಲ.

"ಇಂಥ ಮದುವಿ ನಾ ನೋಡಿಲ್ಲಬೇ. ಬಳಿದೂ ಆತು, ಕೆರೆದೂ ಆತು, ಗಂಡು ಇನ್ನಾ ಬಾಯಿ ಬಿಡವಲ್ಲ."

ಗಂಡು ಬಾಗಿಲ ಹೊರಗೆ ನಿಂತಿದ್ದ. ಒಳಗೆ ಶೇಖಮ್ಮ ಅವನಿಗೆ ಬೆನ್ನು ಹಾಕಿ ಗೋಡೆ ಕೆರೆಯುತ್ತಿದ್ದಳು. ಕೂದಲ ತುಂಬ ಮಣ್ಣು. ಬೂಟು ಕಳಚಿ ಅವನು ಒಳಗೆ ಬಂದ.

"ನಿನ್ನೆ ರಾತ್ರಿ ಚಾಚಾ ಎಲ್ಲಾ ಹೇಳಿದ."

ಅವಳು ಕೆರೆಯುತ್ತಲೇ ಇದ್ದಳು.

"ನಾ ಸುರಪುರದಾಗ ಕಲ್ಲಿನ ಮನಿಯಾಗ ಬೆಳದವ್ರಿ. ಅವ್ವ ಹೋದ ಮ್ಯಾಲ ಗ್ವಾಡಿ ಯಾಕ ಬಳೀತಾರಂತ ಹೇಳೋರು ಯಾರೂ ಇರಲಿಲ್ಲ. ಒಂದು ಮಾತು ಕೇಳಬೇಕಿತ್ತು. ಕೇಳದ ಹೋದೆ."

"ನಂಗೂ ನೀವು ಹೇಳಿದ್ದು ಗೊತ್ತಿತ್ತು." ಅವಳ ದನಿ ಸಣ್ಣಗಿತ್ತು. "ಲಕ್ಕಿ ಇದ್ರ ಏನೂ ಆಗಂಗಿಲ್ಲ ಅನ್ಕೊಂಡೆ. ಸಾಯಬಮ್ಮನ ಗ್ವಾಡಿ ಮ್ಯಾಲ ಅವು ಕುಂತದ್ದು ನೋಡಿದ್ರ... ಯಾರಿಗ್ಯಾರ ಜ್ವರ ಬಂದಿದ್ರ..."

"ಬಂದಿಲ್ಲ. ಎಲ್ಲಾ ಮನಿ ಕೇಳಿ ಬಂದೀನಿ. ಯಾರಿಗೂ ಬಂದಿಲ್ಲ."

ಅವಳ ಕೈಯಿಂದ ಕುರ್ಪಿ ಜಾರಿತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅವನೂ ಸ್ವಲ್ಪ ದೂರದಲ್ಲಿ ಕುಳಿತ.

"ನನ್ನ ಹೆಸರು ಸಾಹೇಬರ ಮುಂದ ಯಾಕ ಹೇಳಲಿಲ್ಲ?" ಅವಳು ಕೇಳಿದಳು.

"ನೀವು ನಂಗ ಒಲ್ಲೆ ಅಂದ್ರೂ... ನಿಮಗ ಯಾರಾದ್ರೂ ಬೈಯೋದು ನಂಗ ನೋಡಾಕ ಆಗಂಗಿಲ್ಲ."

"ನಾ ಒಲ್ಲೆ ಅಂದಿಲ್ಲ."

"ಹಂಗಾದ್ರ ಏನಂದ್ರಿ?"

ಶೇಖಮ್ಮ ಗೋಡೆ ನೋಡಿದಳು, ನೆಲ ನೋಡಿದಳು, ಕೊನೆಗೆ ಅವನ ಮುಖ ನೋಡಿದಳು. ಮಣ್ಣಾದ ಮುಖದಲ್ಲಿ ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಇಡೀ ಓಣಿ ಬಳಿಸಿ ಹೇಳೀನಿ. ಇನ್ನೂ ಎಷ್ಟು ಜೋರಾಗಿ ಹೇಳಬೇಕ್ರಿ?"

ಅವನು ಕಣ್ಣು ತುಂಬಿ ಬಂದದ್ದನ್ನು ತೋಳಿನಿಂದ ಒರೆಸಿಕೊಂಡು, ಅವಳ ಕೈಜಾರಿದ ಕುರ್ಪಿ ಎತ್ತಿಕೊಂಡು, ಅವಳು ಬಿಟ್ಟಲ್ಲಿಂದ ಗೋಡೆ ಕೆರೆಯತೊಡಗಿದ.

ಮಧ್ಯಾಹ್ನ ದಾಟಿತು. ಒಲೆಗಳೆಲ್ಲ ಅಂಗಳದಲ್ಲಿದ್ದವು. ಯಾರ ಮನೆಯಲ್ಲೂ ಅಡುಗೆಯಿರಲಿಲ್ಲ. ಶೇಖಮ್ಮ ಬೆಳಗಿನಿಂದ ನೀರು ಬಿಟ್ಟು ಏನನ್ನೂ ಮುಟ್ಟಿಲ್ಲವೆಂಬುದು ಒಬ್ಬನ ಹೊರತು ಬೇರೆ ಯಾರ ಗಮನಕ್ಕೂ ಬಂದಿರಲಿಲ್ಲ.

ಹೊರಗೆ ಬಾಷುಮಿಯಾನ ಸೈಕಲ್ಲಿನ ಗಂಟೆ ಕೇಳಿಸಿತು. ಪರಮಣ್ಣ ಎದ್ದು ಹೋದ. ಅಕ್ಕ ರೇಣಮ್ಮ ಸುರಪುರದಿಂದ ಕೊಟ್ಟುಕಳಿಸಿದ ಬುತ್ತಿ ಹಿಡಿದು ಬಂದ. ಕೈ ತೊಳೆದು, ಗಂಟು ಬಿಚ್ಚಿದ. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ.

ಅವನು ರೊಟ್ಟಿಯ ಮೇಲೆ ಪಲ್ಯ ಹಾಕಿ, ಮಡಿಚಿ, ಮೊದಲು ಅವಳ ಮುಂದೆ ಹಿಡಿದ.